ನಿಂತ ಮಗ್ಗದ ಲೆಕ್ಕ

ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಶನ್ ಎಂದೊಡನೆ ನಮ್ಮವರ ಬಾಯಿಗೆ ಬರುವುದು ಕಿಟೆಲ್ ನಿಘಂಟು, ‘ಮಂಗಳೂರ ಸಮಾಚಾರ’, ಹಂಚು, ಖಾಕಿ. ಹೊಗಳುವವರ ಪಟ್ಟಿ ಅಲ್ಲಿಗೆ ಮುಗಿಯಿತು. ತೆಗಳುವವರದು ಇನ್ನೂ ಚಿಕ್ಕದು: ಹೊಟ್ಟೆಪಾಡಿಗೆ ಜಾತಿ ಬಿಟ್ಟವರು, ಅಷ್ಟೆ. ಎರಡೂ ಕಡೆಯವರ ಮೇಲೆ ನನ್ನ ತಕರಾರು ಒಂದೇ. ಕ್ರಿಸ್ತನನ್ನು ನಂಬಿದವನಿಗೆ ಏನು ದಕ್ಕಿತು ಎಂದು ಇಬ್ಬರೂ ಎಣಿಸುತ್ತಾರೆ, ಅವನು ತೆತ್ತದ್ದೇನು ಎಂದು ಕೇಳುವುದಿಲ್ಲ.

ಬಾದಾಮಿ ಸೀಮೆಯ ಗುಳೇದಗುಡ್ಡದಲ್ಲಿ ಮಿಶನ್ ನೆಲೆಯೂರಿದ್ದು 1851ರಲ್ಲಿ. ಆಗಿನ ಕಲಾದಗಿ ಜಿಲ್ಲೆಯನ್ನು ಹಿಂಡಿದ ದೊಡ್ಡ ಬರ 1876–78ರದು. ಬರದ ಗಂಜಿಯಿಂದಲೇ ಕ್ರೈಸ್ತ ಸಭೆ ಹುಟ್ಟಿತು ಎನ್ನುವವರು ನಡುವಿನ 25 ವರ್ಷಗಳನ್ನು ಎಲ್ಲಿ ಬಚ್ಚಿಡುತ್ತಾರೆ? ಬರದಲ್ಲಿ ಹಸಿದು ಬಂದವರೂ ಇದ್ದಾರು, ಅದನ್ನು ಅಲ್ಲಗಳೆಯಲಾರೆ. ಆದರೆ ಕರಾವಳಿಯ ಕತೆಯನ್ನು ಇಲ್ಲಿಗೆ ಎಳೆದು ತರಬೇಡಿ. ಅಲ್ಲಿ ಜಾತಿಯೊಡನೆ ಕಸುಬೂ ಹೋಗುತ್ತಿತ್ತು, ಅದಕ್ಕೇ ಕಾರ್ಖಾನೆಗಳು ಬೇಕಾದವು. ಗುಳೇದಗುಡ್ಡದ ನೇಕಾರ ದೀಕ್ಷಾಸ್ನಾನ ಪಡೆದ ಮೇಲೂ ಕಾಲಿಳಿಬಿಟ್ಟು ಕೂರಬಹುದಾಗಿದ್ದದ್ದು ಅದೇ ಕುಣಿಮಗ್ಗದಲ್ಲಿ. ಅಲ್ಲಿ ನೇಯುವ ಕುಬಸದ ಖಣ ಇಂದಿಗೂ ಮೂಲೆ ಮಡಚಿಕೊಂಡು, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಜೊತೆ ಬನಶಂಕರಿಯ ಉಡಿ ಸೇರುತ್ತದೆ. ನೇಯ್ದವನ ದೇವರು ಯಾರೆಂದು ಖಣಕ್ಕೆ ಗೊತ್ತಿಲ್ಲ.

ಹಾಗಾದರೆ ಬದಲಾದದ್ದೇನು? ಮ್ಯಾಕ್ಸ್ ವೆಬರ್‌ನನ್ನು ಓದಿದವರ ಬಳಿ ಸಿದ್ಧ ಉತ್ತರವಿದೆ: ಪ್ರಾಟೆಸ್ಟಂಟರು ದುಡಿಮೆಗೆ ದೈವಿಕ ಅರ್ಥ ಕೊಟ್ಟರು. ಈ ಮಾತನ್ನು ಹುನಗುಂದ ಸೀಮೆಯಲ್ಲಿ, ಕೂಡಲಸಂಗಮದ ಮಗ್ಗುಲಲ್ಲಿ ನಿಂತು ಆಡಿದರೆ ನಗೆಪಾಟಲಾದೀತು. ಕಾಯಕದ ವಿಚಾರ ಇಲ್ಲಿ 12ನೆಯ ಶತಮಾನದ್ದು. ದುಡಿಮೆಯ ಪಾವಿತ್ರ್ಯವನ್ನು ಇಳಕಲ್ಲಿನ ನೇಕಾರನಿಗೆ ಸ್ವಿಟ್ಜರ್ಲೆಂಡಿನಿಂದ ಬಂದು ಹೇಳಬೇಕಿರಲಿಲ್ಲ.

ಹೊಸತನ ನನಗೆ ಕಾಣುವುದು ದುಡಿಮೆಯಲ್ಲಲ್ಲ, ದುಡಿಮೆ ನಿಲ್ಲಿಸಿದ್ದರಲ್ಲಿ. ಭಕ್ತಿ, ಶಿಸ್ತಿಗೆ ಒತ್ತು ಕೊಡುವ ಪೈಟಿಸ್ಟ್ ಪಂಥದ ಈ ಮಿಶನರಿಗಳು ರವಿವಾರದ ವಿಷಯದಲ್ಲಿ ಬಲು ಬಿಗಿ. ಸೋಮವಾರ ಎತ್ತಿಗೆ ನೊಗ ಹೂಡದ ನಾಡಿಗೆ ಬಿಡುವು ಹೊಸದಲ್ಲ, ಒಪ್ಪಿದೆ. ಆದರೆ ನೇಯ್ದಷ್ಟೇ ಕೂಲಿ ಸಿಗುವವನಿಗೆ ಮಗ್ಗ ನಿಂತ ದಿನ ವಾರದ ಗಳಿಕೆಯ ಏಳರಲ್ಲೊಂದು ಪಾಲು ಹೋದಂತೆ. ಆ ಪಾಲನ್ನು ಕೈಯಾರೆ ಬಿಟ್ಟವನು, ತನ್ನ ಬೆಲೆ ನೇಯ್ದ ಗಜಗಳಲ್ಲಿಲ್ಲ ಎಂದು ವಾರವಾರವೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಬದುಕಿಗೊಂದು ಗುರಿ ಎಂಬುದು ಉಪದೇಶದಲ್ಲಿ ಅಗ್ಗ; ಇಲ್ಲಿ ಅದಕ್ಕೆ ಬೆಲೆ ತೆರಬೇಕಿತ್ತು.

ಮಿಶನ್ನಿನ ದೊಡ್ಡ ದೋಷವೂ ಕೂಲಿ, ನಂಬಿಕೆಗಳ ಈ ನಂಟಿನಲ್ಲೇ ಇದೆ. ಕರಾವಳಿಯಲ್ಲಿ ಕೂಲಿಯ ಪುಸ್ತಕ, ಸಭೆಯ ಶಿಸ್ತು ಎರಡೂ ಒಂದೇ ಸಂಸ್ಥೆಯ ಕೈಯಲ್ಲಿದ್ದವು. ಅಂಥಲ್ಲಿ ನಂಬಿಕೆ ಯಾವುದು, ವಿಧೇಯತೆ ಯಾವುದು ಎಂದು ಬಿಡಿಸುವುದು ಕಷ್ಟ. ಮೊದಲ ಮಹಾಯುದ್ಧ ಆ ಗಂಟನ್ನು ಕತ್ತರಿಸಿತು: ಮಿಶನ್ನಿನಲ್ಲಿದ್ದ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾದರು, ಕಾರ್ಖಾನೆಗಳು ಪರರ ಪಾಲಾದವು. ಸಭೆಗಳು ಉಳಿದವು. ಗುಳೇದಗುಡ್ಡದಲ್ಲಿ ಇಂದಿಗೂ ಕನ್ನಡದ ಆರಾಧನೆ ನಡೆಯುತ್ತದೆ. ಹೊಟ್ಟೆಪಾಡಿನ ವಾದ ಹೂಡುವವರು ಮೊದಲು ಇದಕ್ಕೆ ಉತ್ತರ ಹೇಳಲಿ.