ಪಾಷಾಣದ ತೋಪು

ಪುಣೆಯ ಪಾಷಾಣದಲ್ಲಿರುವ ಎಆರ್‌ಡಿಇ ಡಿಆರ್‌ಡಿಒದ ಶಸ್ತ್ರಾಸ್ತ್ರ ಪ್ರಯೋಗಾಲಯ. 155 ಎಂಎಂನ ಅಟ್ಯಾಗ್ಸ್ ತೋಪಿನ ವಿನ್ಯಾಸ ಹುಟ್ಟಿದ್ದು ಇಲ್ಲಿ.

ಇದರ ಹೆಚ್ಚುಗಾರಿಕೆ ತಿಳಿಯಲು ಹಳೆಯದೊಂದನ್ನು ಪಕ್ಕಕ್ಕಿಡಬೇಕು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ನೆಚ್ಚಿದ್ದ 105 ಎಂಎಂ ಹಗುರ ಹೋವಿಟ್ಜರ್ ತೂಗುತ್ತಿದ್ದುದು ಸುಮಾರು ಎರಡು ಟನ್. ಹೊಡೆತ ಹತ್ತೂವರೆ ಕಿಲೋಮೀಟರ್ ದಾಟಿದರೆ ಹೆಚ್ಚು. ನಳಿಕೆಯ ತುದಿಗೆ ಮಜಲ್ ಬ್ರೇಕ್ ಕೂರಿಸಿ ಮದ್ದು ಹೆಚ್ಚಿಸಿದ ಮೇಲೆ ಅದು ಹನ್ನೆರಡಕ್ಕೇರಿತು. ಕುದುರೆಗಳು ಎಳೆಯುತ್ತಿದ್ದ ತೋಪಿಗೆ ಅದೇ ದೊಡ್ಡದು.

ಪುಣೆಯ ತೋಪು 2017ರಲ್ಲಿ ಪೋಖ್ರಾನ್‌ನಲ್ಲಿ 48 ಕಿಲೋಮೀಟರ್ ಮುಟ್ಟಿತು. ಗುಟ್ಟಿರುವುದು ಮದ್ದು ಉರಿಯುವ ಗೂಡಿನಲ್ಲಿ. ವಾಡಿಕೆಯ 23 ಲೀಟರಿನ ಬದಲು ಇಲ್ಲಿ 25 ಲೀಟರ್. ಜೊತೆಗೆ ಗುಂಡಿನ ತಳದಿಂದ ಹೊಮ್ಮುವ ಅನಿಲ ಹಿಂದಿನ ನಿರ್ವಾತವನ್ನು ತುಂಬಿ, ಗಾಳಿಯ ಎಳೆತವನ್ನು ತಗ್ಗಿಸುತ್ತದೆ. ಗುಂಡು ತುಂಬುವುದು, ಗುರಿಗೆ ತಿರುಗಿಸುವುದು ಎಲ್ಲಕ್ಕೂ ಹೈಡ್ರಾಲಿಕ್ಸ್ ಬಿಟ್ಟು ವಿದ್ಯುತ್ ಮೋಟಾರುಗಳನ್ನೇ ನಂಬಿದ್ದು ನನಗೆ ಬಹಳ ಹಿಡಿಸಿದ ಧೈರ್ಯ. ಎಣ್ಣೆ ಸೋರುವ ಕಾಟವಿಲ್ಲ.

ದೋಷ? ತೂಕ. ಹದಿನೆಂಟು ಟನ್ನಿನಷ್ಟು ಭಾರವನ್ನು ಬೆಟ್ಟದ ತಿರುವುಗಳಲ್ಲಿ ಎಳೆಯುವುದು ಹುಡುಗಾಟವಲ್ಲ. 2020ರ ಪರೀಕ್ಷೆಯಲ್ಲಿ ನಳಿಕೆಯೂ ಸಿಡಿದಿತ್ತು. ಕಾರಣ ಹುಡುಕಿ ಮುಂದುವರಿದರು. 2022ರ ಆಗಸ್ಟ್ 15ರಂದು, ಅದುವರೆಗೆ ಬ್ರಿಟಿಷ್ ತೋಪುಗಳೇ ಗುಡುಗುತ್ತಿದ್ದ ಕೆಂಪುಕೋಟೆಯ ವಂದನೆಗೆ ಇದೂ ದನಿಗೂಡಿಸಿತು.

2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ 307 ತೋಪುಗಳ ಖರೀದಿಗೆ ಸಹಿ ಹಾಕಿತು. ಹೆಚ್ಚಿನ ಪಾಲು ಪುಣೆಯದೇ ಆದ ಭಾರತ್ ಫೋರ್ಜ್‌ಗೆ, ಉಳಿದದ್ದು ಟಾಟಾಗೆ.