ಜೋಳಿಗೆ ಮತ್ತು ರಸೀದಿ

ದಾವಣಗೆರೆ, ಹರಿಹರಗಳಲ್ಲಿ ಯೋಗ ತರಗತಿಗಳ ಶುಲ್ಕದ ಫಲಕ ಕಂಡಾಗಲೆಲ್ಲ ನೆರೆಯ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರು ನೆನಪಾಗುತ್ತಾರೆ. 1996ರಲ್ಲಿ ದಿವಂಗತರಾದ ಅವರು ಊರೂರಿನಲ್ಲಿ ಯೋಗ ಕಲಿಸಿ, ಜೋಳಿಗೆ ಹಿಡಿದು ಅನಾಥ ಸೇವಾಶ್ರಮವನ್ನು ಬೆಳೆಸಿದರು. ‘ತಿರುಕ’ ಎಂಬುದನ್ನೇ ಕಾವ್ಯನಾಮವಾಗಿಸಿಕೊಂಡರು.

ವರ್ತಕನಾದ ನಾನು ಶುಲ್ಕವನ್ನು ಆಕ್ಷೇಪಿಸಲಾರೆ, ಶಿಕ್ಷಕನಿಗೂ ಸಂಸಾರವುಂಟು. ಪತಂಜಲಿಯ ಯಮಗಳಲ್ಲಿ ಕೊನೆಯದಾದ ಅಪರಿಗ್ರಹವು ನಮ್ಮ ಅಣುವ್ರತಗಳಲ್ಲಿಯೂ ಕೊನೆಯದು. ಗೃಹಸ್ಥನಿಗೆ ಅದು ಸರ್ವತ್ಯಾಗವಲ್ಲ, ಮಿತಿ. ಆದರೆ ಯೋಗಸೂತ್ರವೂ ತತ್ತ್ವಾರ್ಥಸೂತ್ರವೂ ಭಾವಿಸಬೇಕೆಂದು ವಿಧಿಸಿದ ಮೈತ್ರಿ, ಕರುಣೆಗಳಿಗೆ ಇಂದಿನ ಪಾಠದಲ್ಲಿ ಹೊತ್ತೆಲ್ಲಿದೆ?

ಕಳೆದ ವರ್ಷ ಮಂಡಿನೋವಿನಿಂದ ಮೂರು ವಾರ ತರಗತಿ ತಪ್ಪಿಸಿದೆ. ಬಾಕಿಯ ಚೀಟಿ ಮನೆಗೆ ಬಂದಿತು. ಕಾಲು ಹೇಗಿದೆಯೆಂದು ಯಾರೂ ಕೇಳಲಿಲ್ಲ. ಹಳೆಯ ಗಿರಾಕಿ ತಿಂಗಳು ಕಾಣದಿದ್ದರೆ, ಬಾಕಿಯಿಲ್ಲದಿದ್ದರೂ, ನಾನು ಗುಮಾಸ್ತನನ್ನು ಅವರ ಮನೆಗೆ ಕಳುಹಿಸುತ್ತೇನೆ.