ಬಗ್ಗಿದ ಬೆನ್ನು ಮತ್ತು ನಮ್ಮ ವಿಮರ್ಶೆ

ಕನ್ನಡ ವಿಮರ್ಶೆಗೆ ದುಡಿಯುವವರ ಬೆವರು ಕಂಡಿದೆ, ಹಸಿವು ಕಂಡಿದೆ. ಬೆನ್ನು ಕಂಡದ್ದು ಕಡಿಮೆ. ಬೆವರು ಹೊಳೆಯುತ್ತದೆ, ಪದ್ಯಕ್ಕೆ ಒದಗುತ್ತದೆ. ಸೊಂಟಬೇನೆ ಹೊಳೆಯುವುದಿಲ್ಲ.

ಕಾರ್ಕಳದ ಮಗ್ಗುಲಿನ ಕುಕ್ಕುಂದೂರಿನ ಕಡೆಯ ಗದ್ದೆಗಳನ್ನೇ ತಗೊಳ್ಳಿ. ಏಣೆಲಿಗೆ ನೇಜಿ ನೆಡುವವಳು ಮಳೆಯಲ್ಲಿ ಗಂಟೆಗಟ್ಟಲೆ ಬಗ್ಗಿಯೇ ಇರಬೇಕು. ಅದಕ್ಕೆ ಮೊದಲು ಗೊಬ್ಬರದ ಬುಟ್ಟಿ, ಕೊಯ್ಲಿಗೆ ಪೈರಿನ ಹೊರೆ, ಎಲ್ಲ ಭಾರ ಕುತ್ತಿಗೆಯ ಮೇಲೆ. ಹಿಂದೆ ಅವಳ ಬೆನ್ನಿಗೆ ಗೊರಬು ಇತ್ತು, ಈಗ ಪ್ಲಾಸ್ಟಿಕ್ ಇದೆ. ಗೊರಬನ್ನು ನಾವು ಜಾನಪದ ಅಂತ ಮ್ಯೂಸಿಯಮ್ಮಿನಲ್ಲಿಟ್ಟು ಹೊಗಳುತ್ತೇವೆ. ಅದರ ಆಕಾರ ನೋಡಿ ಸ್ವಾಮಿ, ಬಗ್ಗಿದವರಿಗೇ ಅಳತೆ ತೆಗೆದದ್ದು. ನೆಡುವಾಗಿನ ಕಬಿತಗಳನ್ನು ಸಂಗ್ರಹಿಸಿದೆವು, ಪದವಿ ಪಡೆದೆವು. ಹಾಡಿದವಳ ಸೊಂಟ ಏನಾಯಿತು ಅಂತ ಎಷ್ಟು ಪ್ರಬಂಧಗಳು ಕೇಳಿದವು?

ಈ ಜಿಲ್ಲೆಯ ಮಣ್ಣಿನದೇ ಕಾದಂಬರಿ ಶಿವರಾಮ ಕಾರಂತರ ‘ಚೋಮನ ದುಡಿ’. 1933ರದು. 1975ರಲ್ಲಿ ಬಿ.ವಿ. ಕಾರಂತರು ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ಚೋಮನ ಆಸೆ, ಸಿಟ್ಟು, ಕುಡಿತ, ದುಡಿಯ ಸದ್ದು ಇವನ್ನೆಲ್ಲ ವಿಮರ್ಶಕರು ಅಳೆದರು, ದುರಂತ ಎಂದರು. ನಾವು ಇನ್ನೊಂದು ಪ್ರಶ್ನೆ ಕೇಳಬೇಕು. ಚೋಮ ಬೇಸಾಯಗಾರ ಆಗಬಾರದು ಅಂದ ಜಾತಿ, ಅವನು ಪರರ ಗದ್ದೆಯಲ್ಲಿ ಬಗ್ಗುವುದಕ್ಕೆ ಅಡ್ಡ ಬರಲಿಲ್ಲ. ಯಾಕೆ? ಬೆಳೆ ಒಬ್ಬನಿಗೆ, ಬೇನೆ ಇನ್ನೊಬ್ಬನಿಗೆ. ಈ ಹಂಚಿಕೆಗೂ ಜಾತಿ ಅಂತಲೇ ಹೆಸರು. ಸಾಲ ತೀರಿಸಲು ಮಕ್ಕಳು ತೋಟಕ್ಕೆ ಹೋದರು. ಚನಿಯ ಜ್ವರ ಹೊತ್ತುಕೊಂಡು ಬಂದು ಸತ್ತ. ಆ ಸಾಲ ಇಳಿಯಬೇಕಾದದ್ದು ಮೈಯಿಂದಲೇ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿದಾರನಿಗೆ ಭೂಮಿ ಕೊಟ್ಟಿತು. ದೊಡ್ಡ ಕೆಲಸವೇ, ಇಲ್ಲ ಅನ್ನುವುದಿಲ್ಲ. ಆದರೆ 7ನೇ ನಮೂನೆಯ ಡಿಕ್ಲರೇಶನ್ ಕೊಡಲು ಗೇಣಿ ಇರಬೇಕು. ಚೋಮನಂಥ ಮೂಲದಾಳಿಗೆ ಗೇಣಿಯೂ ಇರಲಿಲ್ಲ. ಒಡೆಯ ಬದಲಾದ. ಬಗ್ಗುವವರು ಬದಲಾಗಲಿಲ್ಲ.

‘ಅಭ್ಯಾಸ ಆಗಿದೆ ಅವರಿಗೆ, ನೋವಾಗುವುದಿಲ್ಲ’ ಅನ್ನುವವರಿದ್ದಾರೆ. ಸ್ವೀಡನ್ನಿನ ವೈದ್ಯ ನಾಕೆಮ್‌ಸನ್ 1960ರ ದಶಕದಿಂದ ಬೆನ್ನೆಲುಬಿನ ಬಿಲ್ಲೆಯ ಒತ್ತಡವನ್ನು ಸೂಜಿಯಿಟ್ಟು ಅಳೆದರು. ನೆಟ್ಟಗೆ ನಿಂತಾಗ 100 ಅಂತಿಟ್ಟುಕೊಂಡರೆ, ಮುಂದಕ್ಕೆ ಬಗ್ಗಿದಾಗ ಸುಮಾರು 150, ಕೈಯಲ್ಲಿ ಭಾರವೂ ಇದ್ದರೆ ಸುಮಾರು 220. ಅಭ್ಯಾಸ ಆಯಿತು ಅಂತ ಈ ಒತ್ತಡ ಇಲ್ಲವಾಗುವುದಿಲ್ಲ.

ಇದು ವಿಧಿಯಲ್ಲ ಅನ್ನುವುದಕ್ಕೆ ಸಾಕ್ಷಿ ಬೇಕೇ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೋ ಮೂಲದ ಕೂಲಿಗಳಿಗೆ ಗಿಡ್ಡ ಹಿಡಿಯ ಗುದ್ದಲಿ ಕೊಡುತ್ತಿದ್ದರು. ಬಗ್ಗದೆ ಅದರಲ್ಲಿ ಕಳೆ ತೆಗೆಯುವುದು ಸಾಧ್ಯವಿಲ್ಲ. ಸೊಂಟ ಎತ್ತಿದವನು ಮೇಸ್ತ್ರಿಯ ಕಣ್ಣಿಗೆ ದೂರದಿಂದಲೇ ಬೀಳುತ್ತಿದ್ದ. ಕೂಲಿಗಳು ಜಗಳ ಮಾಡಿದರು, ಕೋರ್ಟಿಗೆ ಹೋದರು. 1975ರಲ್ಲಿ ಆ ಗುದ್ದಲಿ ನಿಷೇಧವಾಯಿತು. ಉದ್ದ ಹಿಡಿ ಮೊದಲೂ ಅಂಗಡಿಯಲ್ಲಿತ್ತು. ಕೊಡುವ ಮನಸ್ಸಿರಲಿಲ್ಲ, ಅಷ್ಟೆ.

ನಮ್ಮಲ್ಲಿಗೂ ನಾಟಿ ಯಂತ್ರ ಬಂದಿದೆ. ತುಂಡು ಗದ್ದೆಗೆ, ಹುಣಿಯ ಅಂಚಿಗೆ ಈಗಲೂ ಕೈಯೇ ಬೇಕು. ಯಂತ್ರ ಇಳಿದ ಗದ್ದೆಯಲ್ಲಿ ಬೆನ್ನು ಉಳಿಯಿತು, ಕೂಲಿ ಹೋಯಿತು. ಬೆನ್ನು ಉಳಿಸಿಕೊಂಡೂ ಉಣ್ಣುವ ದಾರಿ ಯಾವುದು? ಸಂಘಟನೆಯ ಗೆಳೆಯರು ಕೂಲಿಯ ರೂಪಾಯಿ ಜೊತೆ ಹಿಡಿಯ ಉದ್ದ, ಹೊರೆಯ ತೂಕ, ಸೊಂಟ ನೆಟ್ಟಗೆ ಮಾಡುವ ಬಿಡುವು ಇವನ್ನೂ ಬೇಡಿಕೆಯ ಪಟ್ಟಿಗೆ ಸೇರಿಸಬೇಕು. ಮೇಷ್ಟ್ರುಗಳು ‘ಚೋಮನ ದುಡಿ’ ಪಾಠ ಮಾಡುವಾಗ, ನಿಮ್ಮ ಮನೆಯಲ್ಲಿ ಯಾರಿಗೆ ಸೊಂಟಬೇನೆ ಅಂತ ಮಕ್ಕಳನ್ನು ಕೇಳಬೇಕು. ವಿಮರ್ಶೆ ಅಲ್ಲಿಂದ ಶುರುವಾಗಲಿ.

ಕಾರ್ಕಳದ ಬಂಡೆಯ ಮೇಲೆ 1432ರಿಂದ ಗೋಮಟ ನೆಟ್ಟಗೆ ನಿಂತಿದ್ದಾನೆ. 42 ಅಡಿ. ನಿಲ್ಲಿಸಿದ ವೀರಪಾಂಡ್ಯನ ಹೆಸರು ಶಾಸನದಲ್ಲಿದೆ. ಕಲ್ಲಿಗೆ ಸಿಕ್ಕಿದ ನೆಟ್ಟಗಿನ ಬೆನ್ನು ಕೆಳಗಿನ ಗದ್ದೆಯವಳಿಗೆ ಯಾವಾಗ ಸಿಗುತ್ತದೆ?